ಸೊಂಟಪಟ್ಟಿಯ ಏಳು

"ಅಮ್ಮ, ಇವತ್ತು ನಮ್ಮ ಒಗಟು ಮೇಷ್ಟ್ರು ಏನ್ ಕೊಟ್ರು ಗೊತ್ತಾ? ಒಂದು ಸಂಖ್ಯೆ, ದುಪ್ಪಟ್ಟು ಮಾಡಿ ಆರು ಕೂಡಿದ್ರೆ ಮೂವತ್ತು..."

ಊಟಕ್ಕೆ ಕೂತರೆ ಮಗಳದು ಅದೇ ರಾಗ. ಟೀಚರಮ್ಮನಿಗೆ ಮೈಯೆಲ್ಲ ಉರಿ. ವರ್ಷಾನುಗಟ್ಟಲೆ ಅದೇ ಶಾಲೆಯಲ್ಲಿ ಲೆಕ್ಕ ಕಲಿಸಿದವಳು ಅವಳು. ಮೊನ್ನೆ ಮೊನ್ನೆ ಬಂದ ಪಕ್ಕದ ಕೋಣೆಯ ಎಳಸು ಮೇಷ್ಟ್ರು, ಮಕ್ಕಳ ತಲೆ ಚುರುಕಾಗಲಿ ಅಂತ ಪಾಠಕ್ಕೆ ಮುಂಚೆ ಬೋರ್ಡಿನ ಮೇಲೊಂದು ಒಗಟು ಬರೆದಿಡುತ್ತಾನೆ. ಅಷ್ಟಕ್ಕೇ ಊರೆಲ್ಲ ಹೆಸರು! ಹೆಸರು ಹಾಳಾಗಲಿ, ಮಗಳೂ ಅವನ ತರಗತಿಗೇ ಬಿದ್ದಿದ್ದಳು. ಅಮ್ಮ ಹೇಳಿಕೊಡಲು ಕೂತರೆ ಆಕಳಿಸುವವಳು ಅವನ ಒಗಟನ್ನು ಹಲ್ಲುಜ್ಜುವಾಗಲೂ ಬಿಡಿಸುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ನೋಡಿ.

"ಹನ್ನೆರಡು," ಎಂದಳು ಅಮ್ಮ.

"ಹೇಳ್ಬಾರ್ದಿತ್ತಮ್ಮ. ಮೇಷ್ಟ್ರು ಯಾವತ್ತೂ ಹೇಳಲ್ಲ." ಮಗಳು ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಟೀಚರಮ್ಮ ಬೇಗ ಹೋದಳು. ಪಕ್ಕದ ಕೋಣೆ ಖಾಲಿ. ಬೋರ್ಡಿನಲ್ಲಿ ಒಂಬತ್ತು ಮನೆಯ ಚೌಕ. ಒಂದರಿಂದ ಒಂಬತ್ತರವರೆಗೆ ಅಂಕಿ ತುಂಬಬೇಕು. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ ಹದಿನೈದು ಬರಬೇಕು. ಮೇಲೆ ಎಡಮೂಲೆಯಲ್ಲಿ ಎರಡು, ನಟ್ಟನಡುವೆ ಐದು, ಅದರ ಬಲಕ್ಕೆ ಒಂದು. ಅವಳು ಸೀಮೆಸುಣ್ಣ ತೆಗೆದು ಆ ಒಂದನ್ನು ಏಳು ಮಾಡಿದಳು, ಅಭ್ಯಾಸಬಲದಿಂದ ಏಳರ ನಡುವೆ ಅಡ್ಡಗೆರೆಯನ್ನೂ ಎಳೆದಳು. ಇನ್ನು ಜಪ್ಪಯ್ಯ ಅಂದರೂ ಲೆಕ್ಕ ಕೂಡುವುದಿಲ್ಲ. ಮಕ್ಕಳೆದುರು ಬೆಪ್ಪಾಗಲಿ!

ತನ್ನ ಪಾಠ ಮಾಡುತ್ತಲೇ ಕಿವಿಯನ್ನು ಗೋಡೆಗೆ ಕೊಟ್ಟಿದ್ದಳು. ಮೊದಲು ಗುಸುಗುಸು. ಆಮೇಲೆ ಅವನ ದನಿ: "ನಾನು ಬರೆದಿದ್ದು ಇದಲ್ಲ. ಇರ್ಲಿ, ಇದು ಯಾಕೆ ಆಗಲ್ಲ, ಯಾರ್ ಹೇಳ್ತೀರಾ?"

ಹೋ ಎಂದು ಗದ್ದಲ. ಅದರ ನಡುವೆ ಮಗಳ ದನಿ. "ಕೆಳಗೆ ಬಲಮೂಲೆಗೆ ಎಂಟೇ ಬರ್ಬೇಕು ಸಾರ್. ಎಂಟು, ಏಳು ಸೇರಿ ಆಗ್ಲೇ ಹದಿನೈದು. ಮೇಲಿನ ಮನೆಗೆ ಸೊನ್ನೆನೇ ಗತಿ!"

ಚಪ್ಪಾಳೆ. ಮಗಳು ಇಷ್ಟು ಚೆಂದ ಲೆಕ್ಕ ಬಿಡಿಸುವುದನ್ನು ಅಮ್ಮ ಕೇಳಿದ್ದು ಇದೇ ಮೊದಲು, ಅದೂ ಗೋಡೆಯಾಚೆಯಿಂದ. ಹೊಟ್ಟೆಕಿಚ್ಚಿಗೆ ಕಣ್ಣಲ್ಲಿ ನೀರೇ ಬಂತು.

ರಾತ್ರಿ ಮಗಳು ತಟ್ಟೆ ಎಳೆದುಕೊಂಡು ಊಟಕ್ಕೆ ಕೂತಳು.

"ಇವತ್ತಿನ ಒಗಟು ಹೇಳಲ್ವೇನೇ?" ಅಮ್ಮನೇ ಕೇಳಿದಳು.

"ಯಾರೋ ತಿದ್ದಿದ್ರು. ಏಳಕ್ಕೆ ಸೊಂಟಪಟ್ಟಿ ಹಾಕೋದು ಕ್ಲಾಸಲ್ಲಿ ನಾನೊಬ್ಳೇ ಅಲ್ವಾ, ಎಲ್ರೂ ನನ್ನೇ ನೋಡಿದ್ರು. ಹೂಂ, ನಾನೇ ಅಂದೆ."

ಆ ಅಡ್ಡಗೆರೆಯನ್ನು ಕೈ ಹಿಡಿದು ಕಲಿಸಿದವಳು ಎದುರಿಗೇ ಕೂತಿದ್ದಳು. "ಮೇಷ್ಟ್ರು... ಏನಂದ್ರು?"

ಮಗಳು ಅನ್ನ ಕಲಸುತ್ತಾ ತಲೆ ಎತ್ತದೆ ಹೇಳಿದಳು: "ಬೈಲಿಲ್ಲ. ನಿಮ್ಮಮ್ಮನಿಗೆ ಹೇಳ್ಬೇಡ, ನೊಂದ್ಕೋತಾರೆ ಅಂದ್ರು."