ಮಹಂತೇಶನ ಗಾಡಿ

ವೈಕುಂಠ ಸಮಾರಾಧನೆ ಮುಗಿದು ಕೊನೆಯ ನೆಂಟರೂ ರೈಲು ಹತ್ತಿದ ಮರುದಿನ ಬೆಳಿಗ್ಗೆ, ದೆಹಲಿಯ ವಸಂತ್ ಕುಂಜದ ಆ ಮನೆಯಲ್ಲಿ ಹಾಲು ಬಂತು. ನಲ್ಲಿಯಲ್ಲಿ ನೀರು ಬಂತು, ನಿಂತಿತು. ಇಷ್ಟು ದಿನ ಯಾರಾದರೊಬ್ಬರು ಧನ್ಯಾಳ ಕೈಯಿಂದ ಪಾತ್ರೆ ಕಸಿದುಕೊಳ್ಳುತ್ತಿದ್ದರು. ಇವತ್ತು ಯಾರೂ ಇರಲಿಲ್ಲ. ಅವಳು ಕಾಫಿ ಸೋಸಿ ಮಾವ ಸೂರ್ಯನಾರಾಯಣರ ಮುಂದಿಟ್ಟಳು.

"ಅವನ ಗಾಡಿ ಇನ್ನೂ ಕೆಳಗೇ ಇದೆ," ಎಂದರು ಮಾವ.

ಅವನು ಎಂದರೆ ಮಹಂತೇಶ, ಧನ್ಯಾಳ ಗಂಡ ಅಭಿಷೇಕನ ಗೆಳೆಯ. ಫರೀದಾಬಾದಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ. ಕಾರು ಕೊಂಡ ಮೇಲೆ ತನ್ನ ಮೋಟಾರ್ ಸೈಕಲ್ಲನ್ನು, ನಿಂತಲ್ಲೇ ತುಕ್ಕು ಹಿಡಿಯುವುದಕ್ಕಿಂತ ನೀನು ಓಡಿಸು ಎಂದು ಅಭಿಷೇಕನಿಗೆ ಕೊಟ್ಟಿದ್ದ. ಚಳಿಗಾಲದಲ್ಲಿ ಅದರ ಸೈಲೆನ್ಸರ್ ಪೈಪು ಎಂಜಿನ್ನಿಗೆ ಕೂಡುವ ಸಂದಿನಲ್ಲಿ ಹೊಗೆ ಸೋರತೊಡಗಿತು. ಬೀದಿಯೆಲ್ಲ ತಿರುಗಿ ನೋಡುವಂಥ ಪಟಪಟ ಸದ್ದು. ಅಭಿಷೇಕ ಕರೋಲ್ ಬಾಗಿನಿಂದ ಒಂದು ಜೊತೆ ಪ್ಯಾಕಿಂಗ್ ತಂದ. ಆ ಸಂದಿನಲ್ಲಿ ಕೂರುವ ತಾಮ್ರದ ಉಂಗುರಗಳು ಅವು. ಒಂದನ್ನು ತಾನೇ ಹಾಕಿ ಬಿಗಿದ. ಸೋರುವುದು ನಿಲ್ಲಲಿಲ್ಲ. ಎಂಜಿನ್ನೇ ಸೀಳಿದೆ, ಒಡಕು ಗಾಡಿಯನ್ನು ನನಗೆ ಸಾಗಹಾಕಿದ್ದಾನೆ ಎಂದು ರೇಗಿ, ಅದನ್ನು ಮೂಲೆಗೆ ನಿಲ್ಲಿಸಿ ಆಟೋದಲ್ಲಿ ಓಡಾಡತೊಡಗಿದ. ಅಂಥದೊಂದು ಆಟೋ ಮೆಹ್ರೌಲಿಯ ಹತ್ತಿರ ಲಾರಿಯಡಿಗೆ ಹೋಯಿತು.

ಸಮಾರಾಧನೆಯ ದಿನ ಎಲೆ ಹಾಕಿದ ಮೇಲೆ, ಎಲ್ಲರ ಎದುರೂ ಮಾವ ಅಂದುಬಿಟ್ಟಿದ್ದರು: "ನೀನು ನೆಟ್ಟಗಿರೋ ಗಾಡಿ ಕೊಟ್ಟಿದ್ರೆ ನನ್ನ ಮಗ ಆಟೋ ಹತ್ತುತ್ತಿರಲಿಲ್ಲ ಕಣಯ್ಯ." ಮಹಂತೇಶ ತುತ್ತು ಮುಟ್ಟದೆ ಎದ್ದುಹೋದ. ಯಾರೂ ತಡೆಯಲಿಲ್ಲ. ಧನ್ಯಾಳೂ ತಡೆಯಲಿಲ್ಲ.

"ಇದ್ದ ಹಾಗೇ ಕೊಟ್ಟು ಬಾ," ಎಂದರು ಮಾವ ಈಗ, ಕಾಫಿ ಲೋಟ ಕೆಳಗಿಟ್ಟು. "ಆ ಸದ್ದು ಅವನ ಕಿವಿಗೂ ಬೀಳಲಿ."

ವಿಶ್ವವಿದ್ಯಾಲಯದ ದಿನಗಳಲ್ಲಿ ಕಲಿತಿದ್ದ ಗಾಡಿ ಓಡಿಸುವುದು ಅವಳಿಗೆ ಮರೆತಿರಲಿಲ್ಲ. ಆದರೆ ಫರೀದಾಬಾದಿನವರೆಗೆ ಆ ಸದ್ದಿನ ಮೇಲೆ ಕೂತು ಹೋಗುವುದು ಆಗದ ಮಾತು. ನಟ್ಟು ಬಿಗಿದರೆ ಕೊಂಚವಾದರೂ ತಗ್ಗೀತು ಎಂದು ಸ್ಪ್ಯಾನರ್ ಹಿಡಿದು ಕೆಳಗಿಳಿದಳು.

"ಅರೇ ಬೇಟಾ, ಮಿಸ್ತ್ರೀ ಕೋ ಬುಲಾ ಲೇತೀ," ಮೆಕ್ಯಾನಿಕ್‌ನನ್ನು ಕರೆಸಬಾರದಿತ್ತೇ ಎಂದು ಎದುರು ಮನೆಯ ಆಂಟಿ ಬಾಲ್ಕನಿಯಿಂದ ಮರುಗಿದರು. ಧನ್ಯಾ ತಲೆಯೆತ್ತಲಿಲ್ಲ.

ನಟ್ಟು ಬಿಗಿಯಾಗಲಿಲ್ಲ. ಪೈಪು ವಾರೆಯಾಗಿ ಕೂತಿತ್ತು. ಬಿಚ್ಚಿ ಎಳೆದಾಗ ಅಭಿಷೇಕ ಹಾಕಿದ್ದ ಉಂಗುರ ಕೈಗೇ ಬಂತು. ಒಂದು ಅಂಚು ಮಾತ್ರ ಕಪ್ಪಗಾಗಿತ್ತು. ಸೀಳು ಎಲ್ಲಿದೆಯೆಂದು ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಸೀಳು ಕಾಣಲಿಲ್ಲ. ಪೈಪು ಕೂರುವ ರಂಧ್ರದ ತಳದಲ್ಲಿ ಮಸಿ ಹಿಡಿದ ಒಂದು ಉಬ್ಬು ಕಂಡಿತು. ಎಂಜಿನ್ನಿನದೇ ಭಾಗವೆಂಬಂತೆ ಕಚ್ಚಿಕೊಂಡಿದ್ದ ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದಾಗ ಮಸಿಯ ಕೆಳಗೆ ತಾಮ್ರ ಹೊಳೆಯಿತು. ಮೀಟಿದಳು. ಚಪ್ಪಟೆಯಾದ ಇನ್ನೊಂದು ಉಂಗುರ ಎದ್ದು ಬಂತು.

ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹೊಸದನ್ನು ಕೂರಿಸಿದ್ದ ಅಭಿಷೇಕ. ಅಷ್ಟೇ. ಗಾಡಿಗೆ ಬೇರೇನೂ ಆಗಿರಲಿಲ್ಲ.

ಅವಳು ನೆಲದ ಮೇಲೆ ಕೂತಳು. ಮಹಂತೇಶನ ತಲೆಯ ಮೇಲಿನ ಮಾತನ್ನು ಈಗ ಇಳಿಸಬಹುದು. ಇಳಿಸಿದರೆ ಅದು ಸತ್ತವನ ತಲೆಯ ಮೇಲೆ ಹೋಗಿ ಕೂರುತ್ತದೆ.

"ಸೀಳು ಕಾಣಿಸ್ತೇನಮ್ಮಾ?" ಮೇಲಿನಿಂದ ಮಾವನ ದನಿ.

"ಇಲ್ಲ ಮಾವ."

"ಒಳಗಿರುತ್ತೆ. ಮೇಲೆ ಕಾಣೋ ಹಾಗಿದ್ರೆ ನಮ್ಮ ಅಭಿಗೆ ಗೊತ್ತಾಗ್ತಿರಲಿಲ್ವೇ?"

ಅವಳು ಹಳೆಯ ಉಂಗುರವನ್ನು ದುಪಟ್ಟಾದ ತುದಿಗೆ ಕಟ್ಟಿಕೊಂಡಳು. ಜೊತೆಯಲ್ಲಿ ಉಳಿದಿದ್ದ ಹೊಸದನ್ನು ಹಾಕಿ ಪೈಪು ಕೂರಿಸಿ ಬಿಗಿದಳು. ಗಾಡಿ ಚಾಲೂ ಆಯಿತು. ಮೆತ್ತಗೆ ಗುಡುಗುಡು ಎಂದಿತು, ಅಷ್ಟೇ. ಮಾವ ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡರು. ಆಮೇಲೆ ಒಳಗೆ ಹೋದರು.

ಫರೀದಾಬಾದಿನಲ್ಲಿ ಮಹಂತೇಶ ತನ್ನ ಮನೆಯ ಗೇಟಿನ ಹೊರಗೇ ಸಿಕ್ಕಿದ. ಗಡ್ಡ ಬೆಳೆದಿತ್ತು.

"ವೈನಿ! ನೀವ ಓಡಿಸ್ಕೊಂಡ ಬಂದ್ರಿ? ಫೋನ್ ಮಾಡಿದ್ರ ನಾನ ಬರ್ತಿದ್ನೆಲ್ರೀ." ನಗಲು ನೋಡಿದ. "ಅಭಿಗೆ ಒಂದಿನಾನೂ ಗೇರ್ ನೆಟ್ಟಗ ಬೀಳ್ತಿದ್ದಿಲ್ಲ. ಬರ್ರಿ, ಒಳಗ ಬರ್ರಿ."

"ಇಲ್ಲ, ಸೂತಕದ ಮನೆಯವಳು," ಎಂದಳು. ಸೂತಕ ಕಳೆದಿತ್ತು. ಕೂರುವುದು ಬೇಡವಾಗಿತ್ತು, ಅಷ್ಟೇ. ಗಂಟು ಬಿಚ್ಚಿ ಉಂಗುರವನ್ನು ಅವನ ಅಂಗೈಗೆ ಹಾಕಿದಳು. "ಇದು ಒಳಗೇ ಉಳಿದಿತ್ತು. ಇದರ ಮೇಲೆಯೇ ಅವರು ಇನ್ನೊಂದು ಹಾಕಿದ್ದರು. ನಿಮ್ಮ ಗಾಡಿಗೆ ಏನೂ ಆಗಿರಲಿಲ್ಲ. ತಪ್ಪು ಅವರದೇ."

ಅವನ ಮುಖ ಹಗುರಾಗುತ್ತದೆಂದು ಕಾದಳು. ಅವನು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದ. ಬೆರಳಿಗೆಲ್ಲ ಮಸಿಯಾಯಿತು.

"ಇಷ್ಟಕ್ಕೇನ್ರಿ?" ಎಂದ.

ಅವಳು ದುಪಟ್ಟಾದ ತುದಿಯ ಮಸಿ ಕೊಡವಿದಳು.

"ಗಾಡೀನ ಖೋಟಾ ಇತ್ತು, ಅದಕ್ಕ ಹ್ವಾದ ಅಂತ ಹೆಂಗೋ ತಡ್ಕೊಂಡಿದ್ದೆ ವೈನಿ. ಇಷ್ಟಕ್ಕೇನ್ರಿ ಅಂವ ಹ್ವಾದದ್ದು?" ಅವನ ದನಿ ಒಡೆಯಿತು. "ಮನ್ಯಾಗ ಕಾಕಾರಿಗೆ ಹೇಳೀರಿ ಮತ್ತ?"

"ಹೇಳಿಲ್ಲ."

"ಹೇಳಬ್ಯಾಡ್ರಿ. ನನಗೂ ಯಾಕ ಹೇಳಿದ್ರಿ?"

ಅವಳು ಗಾಡಿಯ ಕೀಲಿ ಚಾಚಿದಳು. ಅವನು ತಕ್ಷಣ ತೆಗೆದುಕೊಳ್ಳಲಿಲ್ಲ. ಅವಳು ಕೈ ಹಿಂದೆಗೆಯಲಿಲ್ಲ. ಕಡೆಗೆ ತೆಗೆದುಕೊಂಡ. ಗಾಡಿಯನ್ನು ಚಾಲೂ ಮಾಡಿ ನೋಡದೆ, ಹ್ಯಾಂಡಲ್ ಹಿಡಿದು, ಗೇಟಿನೊಳಗೆ ತಳ್ಳಿಕೊಂಡು ಹೋದ.