ಕಂಬ ಹತ್ತುವ ಆಟ

ಸರ್ವಮಂಗಳಾ ಕೆಲಸಕ್ಕೆ ಸೇರಿದ್ದು ೨೦೦೪ರ ಜನವರಿಯಲ್ಲಿ. ನಜರ್‌ಬಾದಿನ ಒಂದು ಮಹಡಿಯ ಮೇಲೆ ಹನ್ನೊಂದು ಜನ ಕೂತು ಮೊಬೈಲ್ ಫೋನುಗಳಿಗೆ ಆಟ ತಯಾರಿಸುತ್ತಿದ್ದರು. ಅವನ್ನು ಕೊಳ್ಳುತ್ತಿದ್ದುದು ಯೂರೋಪಿನ ಒಂದು ಕಂಪನಿ. ಸೇರುವಾಗ, ಎರಡು ವರ್ಷ ಕೆಲಸ ಬಿಡುವುದಿಲ್ಲವೆಂದು ಕರಾರು ಬರೆಸಿಕೊಂಡು, ಅವಳ ಅಸಲಿ ಅಂಕಪಟ್ಟಿಗಳನ್ನು ಆಫೀಸಿನ ಬೀರುವಿನಲ್ಲಿ ಇಟ್ಟುಕೊಂಡರು. ಜಾಮೀನಿಗೆ ಅವಳ ಅಪ್ಪ ಚನ್ನಬಸವಯ್ಯ ರುಜು ಹಾಕಿದರು.

ಮೊದಲ ಎರಡು ತಿಂಗಳು ಅವಳು ಚೆಂಡು, ಹಣ್ಣು, ಮೀನು ಬರೆದಳು. ಆಮೇಲೆ ಒಂದು ದಿನ ಮ್ಯಾನೇಜರ್ ಅಭಿಲಾಷ್, ಹೊಸ ಆಟಕ್ಕೆ ಯಾರ ಬಳಿಯಾದರೂ ಏನಾದರೂ ಹೊಳಹು ಇದೆಯೇ ಎಂದು ಕೇಳಿದ. ಅವಳು ಲೈನ್‌ಮನ್ ಒಬ್ಬನ ಆಟದ ವಿಷಯ ಹೇಳಿದಳು. ಚನ್ನಬಸವಯ್ಯ ಮೂವತ್ತು ವರ್ಷ ಕರೆಂಟು ಕಂಬ ಹತ್ತಿ ನಿವೃತ್ತರಾದವರು. ಆಟದಲ್ಲಿ, ಗಾಳಿಮಳೆಗೆ ಊರೆಲ್ಲ ಕತ್ತಲಾಗಿದೆ. ಆಡುವವನು ಎಲ್ಲಿ ತಂತಿ ಕಡಿದಿದೆಯೆಂದು ಹುಡುಕಬೇಕು, ಲೈನ್ ಆಫ್ ಮಾಡಬೇಕು, ಹತ್ತಬೇಕು, ಜೋಡಿಸಿ ಇಳಿಯಬೇಕು. ಮತ್ತೆ ಸ್ವಿಚ್ ಹಾಕಿದಾಗ ಕಿಟಕಿಗಳು ಒಂದೊಂದಾಗಿ ಹಳದಿಯಾಗಬೇಕು. ಅಷ್ಟೇ ಆಟ.

ಅಪ್ಪ ದಿನವೂ ಊಟದ ಹೊತ್ತಿಗೆ ಪಾಠ ಹೇಳಿದರು. ಕಾಲು ಎಲ್ಲಿಡಬೇಕು, ಹಗ್ಗ ಎಲ್ಲಿ ಸುತ್ತಬೇಕು ಎಂದು ಗೋಡೆಗೆ ಒರಗಿ ನಿಂತು ತೋರಿಸಿದರು. ಫೋನಿನ ಪುಟ್ಟ ಪರದೆಯಲ್ಲಿ ಲೈನ್‌ಮನ್ನನ ಎತ್ತರ ಹದಿನಾರು ಚುಕ್ಕೆ. ಆ ಹದಿನಾರರಲ್ಲೇ ಅವಳು ಅಪ್ಪನ ಸೊಟ್ಟ ಭುಜ ತಂದಳು. ಮೇ ತಿಂಗಳಲ್ಲಿ ಆಟ ಓಡಿತು. ಆಫೀಸಿನವರು ಮಾತು ಬಿಟ್ಟು ಕಿಟಕಿ ಹೊತ್ತಿಸುತ್ತ ಕೂತರು.

ಯೂರೋಪಿನಿಂದ ಉತ್ತರ ಬಂತು. ಚೆನ್ನಾಗಿದೆ, ಆದರೆ ಅವಸರವಿಲ್ಲ. ಅರವತ್ತು ಸೆಕೆಂಡಿನ ಗಡುವು ಹಾಕಿ ಎಂದರು. ಗಡುವು ಹಾಕಿದ ಮೇಲೆ ಲೈನ್ ಆಫ್ ಮಾಡಲು ಹೊತ್ತು ಸಾಲಲಿಲ್ಲ, ಆ ಹಂತ ಹೋಯಿತು. ಆಟದ ಗಾತ್ರ ಅರವತ್ನಾಲ್ಕು ಕೆಬಿ ಮೀರುವಂತಿಲ್ಲ ಎಂದರು. ಮನೆಗಳು ಹೋದವು, ಕಿಟಕಿಗಳೂ ಹೋದವು. ಕಂಬಗಳು, ತಂತಿಗಳು, ಒಬ್ಬ ಮನುಷ್ಯ, ಇಷ್ಟೇ ಉಳಿಯಿತು. ಮನೆಯಲ್ಲಿ ಅಪ್ಪ ಕೇಳಿದಾಗಲೆಲ್ಲ ಕೆಲಸ ನಡೆಯುತ್ತಿದೆ ಎಂದಷ್ಟೇ ಹೇಳಿದಳು.

ಆಗಸ್ಟಿನಲ್ಲಿ ಕೊನೆಯ ಬದಲಾವಣೆ ಬಂತು. ತಪ್ಪು ತಂತಿ ಮುಟ್ಟಿದರೆ ಲೈನ್‌ಮನ್‌ಗೆ ಶಾಕ್ ಹೊಡೆಯಬೇಕು, ಕೂದಲು ನಿಮಿರಬೇಕು, ಮೂಳೆ ಮಿನುಗಬೇಕು, ಟೋಪಿ ಹಾರಬೇಕು. ನೋಡಿದವರು ನಗಬೇಕು. ಎಂಟು ಚಿತ್ರ ಸಾಕು.

ಸರ್ವಮಂಗಳಾ ಆಗುವುದಿಲ್ಲ ಎಂದಳು. ಅವಳಿಗೆ ಹನ್ನೊಂದು ವರ್ಷವಿದ್ದಾಗ ಅಪ್ಪನ ಜೊತೆಗಾರ ಚಿಕ್ಕಮಾದಯ್ಯ ಕಂಬದ ಮೇಲಿದ್ದಾಗಲೇ ಲೈನಿಗೆ ಹೇಗೋ ಕರೆಂಟು ಬಂದು ತೀರಿಕೊಂಡಿದ್ದ. ಅವನನ್ನು ಹೆಗಲ ಮೇಲೆ ಹೊತ್ತು ಇಳಿಸಿದ್ದು ಅಪ್ಪ. ಆ ದಿನದ ಬಗ್ಗೆ ಅವರು ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ. ಇದನ್ನೆಲ್ಲ ಅವಳು ಅಭಿಲಾಷನಿಗೆ ಹೇಳಿದಳು.

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. "ನಂಗೂ ಇಷ್ಟ ಇಲ್ಲ ಕಣ್ರೀ," ಎಂದ. "ಇದೊಂದು ತಪ್ಪಿದ್ರೆ ಅವರು ಎಲ್ಲಾ ಆಟದ ಆರ್ಡರೂ ವಾಪಸ್ ತಗೋತಾರೆ. ಹನ್ನೊಂದು ಜನ ಮನೆಗೆ ಹೋಗ್ಬೇಕಾಗುತ್ತೆ."

ಹಾಗಾದರೆ ತನ್ನ ಅಂಕಪಟ್ಟಿ ಕೊಡಿ, ಹೋಗುತ್ತೇನೆ ಎಂದಳು. ಕರಾರಿನಲ್ಲಿ ಇನ್ನೂ ಹದಿನೇಳು ತಿಂಗಳಿದೆ, ಬೀರುವಿನ ಕೀಲಿ ತನ್ನ ಹತ್ತಿರವೂ ಇಲ್ಲ ಎಂದ.

ಮೊದಲ ಸಲ ಅವಳು ಬೇಕೆಂದೇ ಕೆಟ್ಟದಾಗಿ ಬರೆದಳು. ಯಾರೂ ನಗಲಿಲ್ಲ, ವಾಪಸ್ ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲ ಬೇಸತ್ತು, ಹಾರಿದ ಟೋಪಿಯನ್ನು ತುಸು ತಡವಾಗಿ ಇಳಿಸಿ ನೋಡಿದಳು. ಮೈ ಸುಟ್ಟು ಕಪ್ಪಾಗಿ ತಂತಿಗೆ ಜೋತುಬಿದ್ದ ಮೇಲೆ, ಒಂದು ಗಳಿಗೆ ಬಿಟ್ಟು, ಟೋಪಿ ಬಂದು ತಲೆಯ ಮೇಲೆ ಕೂತಿತು. ಹಿಂದೆ ನಿಂತಿದ್ದವರೆಲ್ಲ ನಕ್ಕುಬಿಟ್ಟರು. ಅವಳಿಗೂ ನಗು ಬಂತು. ಕೈಗೆ ಕೆಲಸ ಒಲಿದಾಗ ಆಗುವ ಸುಖವೂ ಆಯಿತು. ಆ ಸುಖಕ್ಕಾಗಿ ಅವಳು ತನ್ನನ್ನು ಎಷ್ಟೋ ದಿನ ಕ್ಷಮಿಸಿಕೊಳ್ಳಲಿಲ್ಲ.

ದಸರೆ ಬಂತು. ಆಯುಧಪೂಜೆಗೆ ಮನೆಯವರನ್ನೆಲ್ಲ ಆಫೀಸಿಗೆ ಕರೆದರು. ಅಪ್ಪ ಬರದಿರಲೆಂದು ಅವಳು ಏನೇನೋ ನೆಪ ಹೇಳಿದಳು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದೇಬಿಟ್ಟರು. ಕಂಪ್ಯೂಟರುಗಳಿಗೆ ಕುಂಕುಮ ಹಚ್ಚಿ ಆರತಿ ಎತ್ತಿದ ಮೇಲೆ, ಅವಳು ಕಡ್ಲೆಪುರಿ ಹಂಚುತ್ತಿದ್ದಾಗ, ಆಫೀಸಿನವರು ಯಾರೋ ಅಭಿಮಾನದಿಂದ ಅವರ ಕೈಗೆ ಫೋನ್ ಕೊಟ್ಟು, ನಿಮ್ಮ ಮಗಳ ಆಟ, ಆಡಿ ಎಂದರು.

ಅವರು ಕನ್ನಡಕ ಹಾಕಿಕೊಂಡರು. ಲೈನ್ ಆಫ್ ಮಾಡುವುದು ಎಲ್ಲಿ ಎಂದು ಗುಂಡಿಗಳನ್ನೆಲ್ಲ ಒತ್ತಿ ಹುಡುಕಿದರು. ಸಿಗಲಿಲ್ಲ. ಪರದೆಯ ಮನುಷ್ಯ ಹಾಗೇ ಹತ್ತಿದ, ಮುಟ್ಟಿದ, ಸುಟ್ಟುಹೋದ. ಫೋನು ಒಂದು ಕುಣಿಯುವ ರಾಗ ನುಡಿಸಿತು. ಅವರು ಮತ್ತೊಮ್ಮೆ ಹತ್ತಿಸಿದರು, ಹಾಗೆಯೇ ಆಯಿತು. ಮೂರನೆಯ ಸಲ ಅವನನ್ನು ಹತ್ತಿಸಲೇ ಇಲ್ಲ. ಅರವತ್ತು ಸೆಕೆಂಡು ಮುಗಿಯುವವರೆಗೂ ಕಂಬದ ಬುಡದಲ್ಲೇ ನಿಲ್ಲಿಸಿಕೊಂಡಿದ್ದರು. ಆಮೇಲೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು.

ಇಬ್ಬರೂ ಮನೆಗೆ ನಡೆದು ಹೊರಟು ಅರ್ಧ ದಾರಿ ಕಳೆದಿತ್ತು.

"ಚಿಕ್ಕಮಾದಯ್ಯ ಹಿಂಗೆ ಒದ್ದಾಡ್ಲಿಲ್ಲ ಕಣಮ್ಮ," ಎಂದರು ಅಪ್ಪ. "ಸುಮ್ನೆ ಇದ್ದ. ನನ್ನ ಕೂಗ್ತಾವ್ನೇನೋ ಅನ್ನೋ ಹಂಗೆ ಬಾಯಿ ತೆರ್ಕೊಂಡಿದ್ದ."

"ಕೆಲ್ಸ ಬಿಟ್ಬುಡ್ಲಾ ಅಪ್ಪ?"

"ಎಂಗೆ ಬುಡ್ತೀಯ? ನಾನೇ ರುಜು ಹಾಕಿವ್ನಲ್ಲ," ಎಂದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಡಿಸೆಂಬರಿನಲ್ಲಿ ಆಟ ಬೇರೆ ಹೆಸರಿನಲ್ಲಿ ಬಿಡುಗಡೆಯಾಯಿತು. ಜನರಿಗೆ ಹಿಡಿಸಿತು. ಸಂಕ್ರಾಂತಿ ಕಳೆದ ಮೇಲೆ ಎರಡನೆಯ ಭಾಗಕ್ಕೆ ಬೇಡಿಕೆ ಬಂತು: ಸಾಯುವುದಕ್ಕೆ ಹನ್ನೆರಡು ಹೊಸ ಬಗೆ ಬೇಕು. ಕರಾರಿನ ಉಳಿದ ವರ್ಷವನ್ನು ಅವಳು ಅದರಲ್ಲೇ ಕಳೆದಳು. ದಿನಕ್ಕೆ ಎಂಟು ಗಂಟೆ ಆ ಹದಿನಾರು ಚುಕ್ಕೆಯ ಮನುಷ್ಯನನ್ನು ಬೀಳಿಸಿದಳು, ಸುಟ್ಟಳು, ತುಂಡರಿಸಿದಳು. ಭುಜ ಮಾತ್ರ ಮೊದಲೇ ನೆಟ್ಟಗೆ ಮಾಡಿಬಿಟ್ಟಿದ್ದಳು.

೨೦೦೬ರ ಜನವರಿಯಲ್ಲಿ ಅಂಕಪಟ್ಟಿಗಳು ಕೈಗೆ ಬಂದವು. ಅದೇ ವಾರ ಹುಣಸೂರು ರಸ್ತೆಯ ಇನ್ನೊಂದು ಆಫೀಸಿಗೆ ಸಂದರ್ಶನಕ್ಕೆ ಹೋದಳು. ಮಕ್ಕಳ ಪಾಠದ ಚಿತ್ರ ಬರೆಯುವ ಕೆಲಸ. ಸಂದರ್ಶನಕ್ಕೆ ಕೂತಿದ್ದ ಮೂವರು, ಮಾಡಿದ ಕೆಲಸವೇನಾದರೂ ತೋರಿಸಿ ಎಂದರು. ಕಿಟಕಿಗಳಿದ್ದ ಹಳೆಯ ಆಟ ಯಾವ ಕಂಪ್ಯೂಟರಿನಲ್ಲೂ ಉಳಿದಿರಲಿಲ್ಲ. ಒಂದರ ಮೇಲೊಂದು ಬರೆದು ಅಳಿಸಿಹೋಗಿತ್ತು. ಅವಳು ಚೀಲದಿಂದ ಫೋನ್ ತೆಗೆದು, ಬಿಡುಗಡೆಯಾದ ಆಟವನ್ನೇ ತೆರೆದು ಮೇಜಿನ ಮೇಲಿಟ್ಟಳು. ಮೂವರೂ ಬಾಗಿ ನೋಡಿದರು, ಸರದಿಯಲ್ಲಿ ಆಡಿದರು. ಸೋಮವಾರದಿಂದಲೇ ಬನ್ನಿ ಎಂದರು.