ಧಣಿಯ ದನಿ

"ಯಾವ ಸೂಳಿಮಗ ಲೇ ನನ್ನ ದನಿ ಕದ್ದಾಂವ?"

ಕಬ್ಬಿನ ಹೊಲದ ನಡುವೆ ನಿಂತು ಮಲ್ಲಿಕಾರ್ಜುನ ಧಣಿ ಅರಚಿದ. ಕಡಿಯುವವರ ಕೊಯ್ತಗಳು ನಿಂತವು. ಸಂಘಪಾಲನಿಗೆ ಮಾತ್ರ ಧಣಿಯ ದನಿಯಲ್ಲಿ ಇವತ್ತು ಮೂಗಿನ ಎಳೆತ ಸ್ವಲ್ಪ ಕಮ್ಮಿಯಾಯಿತು ಅನ್ನಿಸಿತು. ಧಣಿಯ ದನಿ ಅಳೆದು ಅಣಕಿಸುವುದು ಅವನ ಚಟ. ಬುತ್ತಿ ಬಿಚ್ಚುವ ಹೊತ್ತಿಗೆ ಧಣಿಯ ಕೆಮ್ಮು, ಬೈಗುಳ, ಉಗುಳುವ ಮುಂಚಿನ "ಹ್ಞೂಂ" ಎಲ್ಲ ಮಾಡಿ ತೋರಿಸಿ ಕೂಲಿಯವರನ್ನು ನಗಿಸುತ್ತಿದ್ದ. ಧಣಿಗೂ ದನಿಗೂ ನಾಲಿಗೆ ಹೊರಳುವಷ್ಟೇ ದೂರ, ಎಂದು ಬೀಗುತ್ತಿದ್ದ.

ನಿನ್ನೆ ಕೂಲಿಯ ಜಿಜಾಬಾಯಿಗೆ ಹಾವು ಕಡಿದಾಗ ಆ ಚಟವೇ ಕೆಲಸಕ್ಕೆ ಬಂತು. ದವಾಖಾನೆಗೆ ಒಯ್ಯಲು ಇದ್ದದ್ದು ಒಂದೇ ಟ್ರ್ಯಾಕ್ಟರು, ಅದರ ಹಿಂದೆ ಕಬ್ಬು ಹೇರಿದ ಟ್ರಾಲಿ. "ಧಣಿ ಹೇಳಲಾರದ ಟ್ರಾಲಿ ಬಿಚ್ಚಂಗಿಲ್ಲ" ಎಂದು ಲೆಕ್ಕ ನೋಡುವ ಮುನಶಿ ವೈಜಿನಾಥ ಕೀಲಿಯನ್ನು ಜೇಬಿಗಿಳಿಸಿದ. ಧಣಿ ಬೀದರದಲ್ಲಿ, ಫೋನು ಬಂದ್. ಅವರ ಜೊತೆ ಕಬ್ಬು ಕಡಿಯುವ ಶಮೀಮ ತನ್ನ ಫೋನನ್ನು ಸಂಘಪಾಲನ ಕೈಗೆ ತುರುಕಿದಳು. ಅವನು ಕಬ್ಬಿನ ಮರೆಗೆ ಓಡಿ ಮುನಶಿಯ ನಂಬರಿಗೆ ಹಚ್ಚಿದ.

"ವೈಜ್ಯಾ, ಇದು ಬ್ಯಾರೆಯವ್ರ ಫೋನು. ಟ್ರಾಲಿ ಬಿಚ್ಚಲೇ ಮಗನ, ಆಕಿಗಿ ಭಾಲ್ಕಿ ದವಾಖಾನಿಗಿ ಒಯ್ಯಿ!"

ಮುನಶಿ ಫೋನಿಗೇ ಕೈ ಮುಗಿದ. ಜಿಜಾಬಾಯಿ ಬದುಕಿಕೊಂಡಳು. ಟ್ರಾಲಿಯ ಕಬ್ಬು ಕಾರ್ಖಾನೆಗೆ ಹೋಗದೆ ಹೊಲದಲ್ಲೇ ಒಣಗಿತು.

ಈಗ ಮುನಶಿ ಅದೇ ನಂಬರಿಗೆ ಮರಳಿ ಹಚ್ಚಿದ. ಶಮೀಮಳ ಸೊಂಟದಲ್ಲಿ ಫೋನು ರಿಂಗಣಿಸಿತು.

"ಯಾರಿಗಿ ಕೊಟ್ಟಿದ್ದಿ ಫೋನು? ಹೆಸರು ಹೇಳು, ನಿನಗ ಬಿಟ್ಟ್ ಬಿಡ್ತೀನಿ," ಎಂದ ಧಣಿ.

ಅವಳೊಮ್ಮೆ ತಿರುಗಿ ನೋಡಿದ್ದರೂ ಸಂಘಪಾಲನ ಕಥೆ ಮುಗಿಯುತ್ತಿತ್ತು. ಅವಳು ನೆಲ ನೋಡಿದಳು.

"ಯಾರಿಗೂ ಕೊಟ್ಟಿಲ್ರಿ. ನಾನೇ ಮಾತಾಡೀನ್ರಿ."

"ನೀನು? ನನ್ನಂಗ?" ಧಣಿ ಕಬ್ಬಿನ ಜಲ್ಲೆಯೊಂದನ್ನು ಎತ್ತಿಕೊಂಡ. "ಮಾಡಿ ತೋರ್ಸು ರಂಡಿ."

ಶಮೀಮ ಗದ್ದ ಕೆಳಗೊತ್ತಿ, ಹೊಟ್ಟೆಯಿಂದ ದನಿ ಎಳೆದಳು. "ಟ್ರಾಲಿ ಬಿಚ್ಚಲೇ..."

ಬೆಕ್ಕು ಹುಲಿವೇಷ ಹಾಕಿದಂತಿತ್ತು. ಧಣಿ ನಕ್ಕ. ಮುನಶಿ ನಕ್ಕ. ತಾನೊಬ್ಬ ನಗದಿದ್ದರೆ ಸಿಕ್ಕಿಬಿದ್ದೇನೆಂದು ಸಂಘಪಾಲನೂ ನಕ್ಕ. ಥೇಟ್ ಮುನಶಿಯ ನಗೆ. ಅದು ತನ್ನದೇ ಕಿವಿಗೆ ಬಿದ್ದಾಗ ಅವನಿಗೆ ಕಬ್ಬಿನ ಬುಡದಲ್ಲಿ ಹೂತುಹೋಗುವ ಹಾಗಾಯಿತು.

ಜಲ್ಲೆ ಅವಳ ಬೆನ್ನ ಮೇಲೆ ಬಿತ್ತು. "ಇನ್ನೊಮ್ಮಿ!"

"ಟ್ರಾಲಿ..."

ಮತ್ತೆ ಬಿತ್ತು. ಅವಳ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. "ಜೋರು ಮಾಡು! ನನ್ನಂಗ!"

"ಸಾಕು ಮಾಡಲೇ ಹಾದರಗಿತ್ತಿ ಮಗನ! ಜಲ್ಲಿ ಕೆಳಗ ಇಡು!"

ಧಣಿಯದೇ ದನಿ. ಆದರೆ ಧಣಿಯ ಬಾಯಿ ಮುಚ್ಚಿತ್ತು.

"ಆಯ್ತ್ರಿ ಧಣಿ," ಎಂದು ಮುನಶಿ ರೂಢಿಯಂತೆ ಬಗ್ಗಿ, ಧಣಿಯ ಕೈಯ ಜಲ್ಲೆಗೇ ಕೈ ಚಾಚಿ, ಅಲ್ಲೇ ಕಲ್ಲಾದ.

ಯಾರೂ ನಗಲಿಲ್ಲ. ಧಣಿ ಮೆಲ್ಲಗೆ ತಿರುಗಿದ. ಸಂಘಪಾಲ ಬಂದು ಶಮೀಮಳ ಮುಂದೆ ಅಡ್ಡ ನಿಂತಿದ್ದ.

ಅವನ ಬೆನ್ನ ಹಿಂದೆ ಶಮೀಮ ರಕ್ತ ಉಗುಳಿದಳು.

"ಸರಿ ಅತ್ಲಾಗ," ಎಂದಳು. "ನೀ ನಕ್ಕಿದ್ದು ಕೇಳಿಸ್ಯಾದ ನನಗ."

ಸಂಘಪಾಲ ಸರಿಯಲಿಲ್ಲ. ಜಲ್ಲೆ ಮೇಲೆದ್ದಿತು.